ಹಗುರ ಇ-ಮೌಂಟನ್ ಬೈಕ್: ಎಷ್ಟು ಕಿಲೊ ಅನ್ನುವುದಕ್ಕಿಂತ ಆ ಕಿಲೊ ಎಲ್ಲಿ ಕೂತಿದೆ ಅನ್ನುವುದು ಮುಖ್ಯ

ಪುಣೆಯಲ್ಲಿ ವಾರಕ್ಕೊಮ್ಮೆ ಟೇಕಡಿ (ಗುಡ್ಡ) ಹತ್ತಲು ಸೇರುವ ನಮ್ಮ ಕನ್ನಡದ ಸೈಕಲ್ ಗುಂಪಿನಲ್ಲಿ ಹುಬ್ಬಳ್ಳಿ, ಬೆಳಗಾವಿ, ವಿಜಯಪುರ ಕಡೆಯವರೇ ಜಾಸ್ತಿ. ಈಚೆಗೆ ಅಲ್ಲಿ ಇ-ಮೌಂಟನ್ ಬೈಕಿನ, ಅಂದರೆ ತುಳಿಯುವಾಗ ಮೋಟಾರು ಜೊತೆಗೂಡುವ ಬೆಟ್ಟದ ಸೈಕಲ್ಲಿನ ಮಾತು ಬಂದರೆ ಸಾಕು, ಮೊದಲ ಪ್ರಶ್ನೆ ಒಂದೇ: "ಹಗುರಂದು ಅಂದ್ರ ಎಷ್ಟು ಕಿಲೊ ಬರ್ತದ್ರೀ?" ಪ್ರಶ್ನೆ ತಪ್ಪಲ್ಲ. ಆದರೆ ಆ ಒಂದು ಅಂಕಿ ನೋಡಿ ದುಡ್ಡು ಕೊಟ್ಟರೆ ಸವಾರಿ ಹೇಗಿರುತ್ತದೆ ಅನ್ನುವುದು ಗೊತ್ತಾಗುವುದಿಲ್ಲ. ಒಂದೇ ತೂಕದ ಎರಡು ಬೈಕುಗಳು ಅದೇ ಮುರುಂ (ಗರಸು ಮಣ್ಣಿನ) ದಾರಿಯಲ್ಲಿ ಪೂರಾ ಬೇರೆ ಬೇರೆಯಾಗಿ ವರ್ತಿಸಬಹುದು. ಆ ವ್ಯತ್ಯಾಸ ಎಲ್ಲಿಂದ ಬರುತ್ತದೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು "ಹಗುರ" ಅಂದರೆ ಏನು ನೋಡೋಣ. ಪೂರ್ತಿ ಶಕ್ತಿಯ ಇ-ಮೌಂಟನ್ ಬೈಕುಗಳು ಸಾಮಾನ್ಯವಾಗಿ 22ರಿಂದ 26 ಕಿಲೊ ತೂಗುತ್ತವೆ. ಹಗುರ ಜಾತಿಯವು 16ರಿಂದ 20 ಕಿಲೊ. ಈ ಜಾತಿಯನ್ನು ಜನಪ್ರಿಯ ಮಾಡಿದ್ದು 2020ರಲ್ಲಿ ಬಂದ ಸ್ಪೆಶಲೈಸ್ಡ್ ಕಂಪನಿಯ ಟರ್ಬೊ ಲೀವೊ ಎಸ್‌ಎಲ್. ಅದರ ಮೋಟಾರಿನ ಟಾರ್ಕ್ (ತಿರುಗಿಸುವ ಬಲ) ಬರೀ 35 ನ್ಯೂಟನ್ ಮೀಟರ್, ಬ್ಯಾಟರಿ ಹಿಡಿಯುವ ವಿದ್ಯುತ್ 320 ವಾಟ್-ಅವರ್. ಆಮೇಲೆ 2022ರಲ್ಲಿ ಟ್ರೆಕ್ ಕಂಪನಿಯ ಫ್ಯುಯೆಲ್ ಇಎಕ್ಸ್ಇ ಬಂತು. ಅದರೊಳಗೆ ಟಿಕ್ಯೂ ಕಂಪನಿಯ 50 ನ್ಯೂಟನ್ ಮೀಟರ್ ಮೋಟಾರು, 360 ವಾಟ್-ಅವರ್ ಬ್ಯಾಟರಿ. 2023ರಲ್ಲಿ ಬಾಷ್ ಕೂಡ 55 ನ್ಯೂಟನ್ ಮೀಟರಿನ ಎಸ್‌ಎಕ್ಸ್ ಮೋಟಾರು ತಂದಿತು, 400 ವಾಟ್-ಅವರ್ ಬ್ಯಾಟರಿಯ ಜೊತೆ.

ತೂಕದ ಲೆಕ್ಕ ಇಲ್ಲೇ ಸಿಗುತ್ತದೆ. ಟಿಕ್ಯೂ ಮೋಟಾರು ಮತ್ತು ಬ್ಯಾಟರಿ ಸೇರಿ ಸುಮಾರು 3.7 ಕಿಲೊ. ಪೂರ್ತಿ ಶಕ್ತಿಯ ಬೈಕುಗಳಲ್ಲಿ ಬಹಳ ಕಾಲ ಬಳಕೆಯಲ್ಲಿದ್ದ 85 ನ್ಯೂಟನ್ ಮೀಟರಿನ ಬಾಷ್ ಮೋಟಾರು ಹಾಗೂ 750 ವಾಟ್-ಅವರ್ ಬ್ಯಾಟರಿ ಸೇರಿದರೆ 7 ಕಿಲೊ ದಾಟುತ್ತದೆ. ಅರ್ಧಕ್ಕರ್ಧ ವ್ಯತ್ಯಾಸ. ಮಿಕ್ಕಿದ್ದು ಅದರ ಹಿಂದೆಯೇ ಬರುತ್ತದೆ: ದೊಡ್ಡ ಬ್ಯಾಟರಿಗೆ ದಪ್ಪ ಡೌನ್‌ಟ್ಯೂಬ್ (ಹ್ಯಾಂಡಲಿನ ಬುಡದಿಂದ ಪೆಡಲಿನ ಕಡೆ ಇಳಿಯುವ ಕೊಳವೆ) ಬೇಕು, ಭಾರದ ಬೈಕಿಗೆ ಗಟ್ಟಿ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವೆ) ಬೇಕು, ದಪ್ಪ ಟೈರ್ ಬೇಕು, ದೊಡ್ಡ ಬ್ರೇಕ್ ಬೇಕು.

ಏರಿಗೆ ತೂಕ ಅಷ್ಟು ಮುಖ್ಯವಲ್ಲ

ಹಗುರ ಬೈಕು ಅಂದರೆ ಏರು ಸಲೀಸು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಲೆಕ್ಕ ಹಾಕಿ ನೋಡಿ. ಸವಾರ 75 ಕಿಲೊ, ಬೈಕು 19 ಕಿಲೊ. ಶೇ 10ರ ಏರಿನಲ್ಲಿ ಗಂಟೆಗೆ 9 ಕಿ.ಮೀ. ವೇಗದಲ್ಲಿ ಹತ್ತಬೇಕಾದರೆ, ಬರೀ ಭಾರ ಎತ್ತಲು ಸುಮಾರು 230 ವಾಟ್ ಬೇಕು. ಬೈಕು 24 ಕಿಲೊ ಆದರೆ? 243 ವಾಟ್. ಐದು ಕಿಲೊ ಹೆಚ್ಚಿಗೆ ಅಂದರೆ 12-13 ವಾಟ್ ಹೆಚ್ಚಿಗೆ, ಅಷ್ಟೇ. ಪೂರ್ತಿ ಶಕ್ತಿಯ ಮೋಟಾರಿಗೆ ಅದು ಲೆಕ್ಕಕ್ಕೇ ಇಲ್ಲ. ಬೇಗ ಹತ್ತುವುದೊಂದೇ ಗುರಿಯಾದರೆ ಭಾರದ ಬೈಕೇ ಗೆಲ್ಲುತ್ತದೆ.

ಹಾಗಾದರೆ ಆ ಐದು ಕಿಲೊ ಎಲ್ಲಿ ಗೊತ್ತಾಗುತ್ತದೆ? ಕೈಗೆ, ಸೊಂಟಕ್ಕೆ ಗೊತ್ತಾಗುತ್ತದೆ. ಕಲ್ಲಿನ ಮೇಲೆ ಮುಂದಿನ ಚಕ್ರ ಎತ್ತುವಾಗ. ಎಡಕ್ಕೆ ವಾಲಿದ ಬೈಕನ್ನು ತಟ್ಟನೆ ಬಲಕ್ಕೆ ತಿರುಗಿಸುವಾಗ. ಇಳಿಜಾರಿನ ಕೊನೆಯಲ್ಲಿ ಬ್ರೇಕ್ ಹಿಡಿದಾಗ. ಕೊಥ್ರೂಡಿನ ಲಿಫ್ಟ್ ಇಲ್ಲದ ಹಳೇ ಕಟ್ಟಡದಲ್ಲಿ ಮೂರನೇ ಮಹಡಿಗೆ ಹೊತ್ತುಕೊಂಡು ಹೋಗುವಾಗ. ಬ್ಯಾಟರಿ ಮುಗಿದ ಮೇಲೆ ಬಾವ್‌ಧನ್ ಕಡೆಯಿಂದ ಮನೆಗೆ ತುಳಿಯುವಾಗ. ನನ್ನ ದೃಷ್ಟಿಯಲ್ಲಿ ಹಗುರ ಬೈಕಿನ ನಿಜವಾದ ಬೆಲೆ ಇವುಗಳಲ್ಲಿದೆ, ಏರಿನ ವೇಗದಲ್ಲಿ ಇಲ್ಲ.

ಆದರೆ ಇವೆಲ್ಲ ಬರೀ ಕಿಲೊ ಲೆಕ್ಕವಲ್ಲ. ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಆನಿಸಿಕೊಂಡರೆ ಅರ್ಧ ಮೈಲಿ ನಡೆಯಬಹುದು, ಅದೇ ಬಿಂದಿಗೆಯನ್ನು ಕೈ ಚಾಚಿ ಹಿಡಿದರೆ ಹತ್ತು ಹೆಜ್ಜೆ ಕಷ್ಟ, ಅಲ್ವಾ? ಬೈಕಿನಲ್ಲೂ ಭಾರ ಪೆಡಲ್ ಅಚ್ಚಿನ ಹತ್ತಿರ, ಕೆಳಗೆ ಇದ್ದಷ್ಟೂ ವಾಲಿಸುವುದು, ಎತ್ತುವುದು ಸುಲಭ. ಮೋಟಾರನ್ನು ಕ್ರ್ಯಾಂಕಿನ (ಪೆಡಲ್ ತೋಳಿನ) ಅಚ್ಚಿನ ಸುತ್ತ ಕೂರಿಸುವುದು ಇದಕ್ಕೇ. ಬ್ಯಾಟರಿ ಡೌನ್‌ಟ್ಯೂಬಿನೊಳಗೆ ಉದ್ದಕ್ಕೆ ಮಲಗುತ್ತದೆ. ಚಿಕ್ಕ ಬ್ಯಾಟರಿಯನ್ನು ಮೋಟಾರಿನ ಪಕ್ಕಕ್ಕೆ ಇಳಿಸಬಹುದು. ಉದ್ದದ ಬ್ಯಾಟರಿಯ ಮೇಲ್ತುದಿ ಹ್ಯಾಂಡಲಿನ ಬುಡದವರೆಗೆ ಹೋಗುತ್ತದೆ, ಆಗ ಮುಂದಿನ ಚಕ್ರ ಎತ್ತಲು ಹೆಚ್ಚು ಬಲ ಬೇಕು. ಬಾಟಲಿ ಜಾಗದಲ್ಲಿ ಕೂರಿಸುವ ಹೆಚ್ಚುವರಿ ಬ್ಯಾಟರಿ ಕೂಡ ಹೀಗೆಯೇ. ಅದು ಹಾಕಿದ ದಿನ ಬೈಕು ಸ್ವಲ್ಪ ಮೊಂಡಾಗುತ್ತದೆ.

ನಮ್ಮಲ್ಲಿ ಸಿಗುವ ಕಡಿಮೆ ಬೆಲೆಯ ಇ-ಸೈಕಲ್‌ಗಳಲ್ಲಿ ಬಹುತೇಕ ಮೋಟಾರು ಹಿಂದಿನ ಚಕ್ರದ ಹಬ್ಬಿನಲ್ಲಿ (ಚಕ್ರದ ನಡುಗುಂಬದಲ್ಲಿ) ಇರುತ್ತದೆ. ರಸ್ತೆಗೆ ಅದು ಚೆನ್ನಾಗಿದೆ. ಕಲ್ಲಿನ ದಾರಿಗೆ ಮಾತ್ರ ತೊಂದರೆ. ಚಕ್ರವೇ ಭಾರವಾದರೆ ಕಲ್ಲು ತಗುಲಿದಾಗ ಅದು ಬೇಗ ಮೇಲೆದ್ದು ಬೇಗ ಕೆಳಗಿಳಿಯಲಾರದು. ಹೊಡೆತ ನೇರ ಬೆನ್ನಿಗೆ ಬರುತ್ತದೆ.

ಇಲ್ಲೇ ಭಾರದ ಬೈಕಿನ ಒಂದು ಒಳ್ಳೆಯ ಗುಣವನ್ನೂ ಹೇಳಬೇಕು. ಸಸ್ಪೆನ್ಶನ್ ಮೇಲೆ ಕೂತಿರುವ ಭಾರ ಚಕ್ರಗಳ ಭಾರಕ್ಕೆ ಹೋಲಿಸಿದರೆ ಎಷ್ಟು ಹೆಚ್ಚೋ ಅಷ್ಟು ಸವಾರಿ ನಯ. ಚಕ್ರ ಕುಣಿದರೂ ಫ್ರೇಮ್ ಕದಲುವುದಿಲ್ಲ. ಹಾಗಾಗಿ 24 ಕಿಲೊ ಬೈಕು ಒರಟು ಇಳಿಜಾರಿನಲ್ಲಿ ನೆಲಕ್ಕೆ ಅಂಟಿದಂತೆ ಹೋಗುತ್ತದೆ. ಹಗುರ ಬೈಕನ್ನು ಅದೇ ಕಲ್ಲುಗಳು ಆಚೀಚೆ ತಳ್ಳುತ್ತವೆ. ಅಲ್ಲಿ ಸವಾರ ತಾನೇ ದಾರಿ ಆರಿಸಿಕೊಳ್ಳಬೇಕು, ಮೊಣಕಾಲು ಮಡಚಿ ಹೊಡೆತ ತಿನ್ನಬೇಕು. ಕೆಲವರಿಗೆ ಅದೇ ಸುಖ. ನನಗೂ ಅದೇ ಸುಖ.

ಕೋನಗಳ ಆಟ

ಈಗ ಫ್ರೇಮಿಗೆ ಬರೋಣ. ಕಂಪನಿಗಳ ಜಿಯೋಮೆಟ್ರಿ ಪಟ್ಟಿಯಲ್ಲಿ ಹದಿನೈದು ಸಾಲು ಇರುತ್ತವೆ. ಅದರಲ್ಲಿ ನಾಲ್ಕು ಅರ್ಥವಾದರೆ ಸಾಕು: ಸೀಟ್ ಟ್ಯೂಬಿನ ಕೋನ, ಚೈನ್‌ಸ್ಟೇ ಉದ್ದ, ಹೆಡ್ ಟ್ಯೂಬಿನ (ಹ್ಯಾಂಡಲ್ ಕೂರುವ ಕೊಳವೆಯ) ಕೋನ, ಬಾಟಮ್ ಬ್ರ್ಯಾಕೆಟ್ಟಿನ (ಪೆಡಲ್ ಅಚ್ಚಿನ) ಎತ್ತರ.

ಸೀಟ್ ಟ್ಯೂಬಿನ ಕೋನ ಅಂದರೆ ಸೀಟು ಪೆಡಲ್ ಅಚ್ಚಿಗಿಂತ ಎಷ್ಟು ಹಿಂದಿದೆ ಅನ್ನುವುದರ ಅಳತೆ. ಸೀಟು ಅಚ್ಚಿಗಿಂತ 700 ಮಿ.ಮೀ. ಮೇಲಿದೆ ಅಂತಿಟ್ಟುಕೊಳ್ಳಿ. ಕೋನ 74 ಡಿಗ್ರಿ ಇದ್ದರೆ ಸೀಟು ಅಚ್ಚಿನಿಂದ ಸುಮಾರು 200 ಮಿ.ಮೀ. ಹಿಂದಿರುತ್ತದೆ. 77 ಡಿಗ್ರಿ ಆದರೆ 162 ಮಿ.ಮೀ. ಮೂರು ಡಿಗ್ರಿ ಅಂದರೆ ಹೆಚ್ಚು ಕಡಿಮೆ 4 ಸೆಂ.ಮೀ. ಮುಂದಕ್ಕೆ. ಇದು ಸಣ್ಣದಲ್ಲ. ಯಾಕೆ ಅಂತ ನೋಡಿ. ಸವಾರ ಮತ್ತು ಬೈಕು ಸೇರಿದ ಗುರುತ್ವ ಕೇಂದ್ರ ನೆಲದಿಂದ ಸುಮಾರು 1 ಮೀಟರ್ ಮೇಲಿದೆ ಅಂದುಕೊಂಡರೆ, ಶೇ 20ರ ಏರಿನಲ್ಲಿ ಅದು ಹಿಂದಿನ ಚಕ್ರದ ಕಡೆಗೆ 20 ಸೆಂ.ಮೀ. ಸರಿದಂತಾಗುತ್ತದೆ. ಮುಂದಿನ ಚಕ್ರದ ಮೇಲಿನ ಭಾರ ಅಷ್ಟಕ್ಕಷ್ಟೇ ಉಳಿಯುತ್ತದೆ. ಆಗ ಮೋಟಾರು ಒಮ್ಮೆಲೇ ದೂಡಿದರೆ ಮುಂಭಾಗ ಎದ್ದು ಹ್ಯಾಂಡಲ್ ದಾರಿ ತಪ್ಪುತ್ತದೆ. ಸವಾರನ ಸೊಂಟ 4 ಸೆಂ.ಮೀ. ಮುಂದಿದ್ದರೆ ಒಟ್ಟು ಭಾರದ ಮುಕ್ಕಾಲು ಪಾಲಿಗಿಂತ ಹೆಚ್ಚು ಮುಂದೆ ಬಂತು. ಇ-ಬೈಕುಗಳಲ್ಲಿ 76ರಿಂದ 78 ಡಿಗ್ರಿ ಸಾಮಾನ್ಯವಾಗಿದ್ದು ಇದರಿಂದಲೇ. ಸಾದಾ ಸೈಕಲ್ಲಿನಲ್ಲಿ ಇಂಥ ಏರನ್ನು ತಳ್ಳಿಕೊಂಡೇ ಹೋಗುತ್ತಿದ್ದೆವು. ಮೋಟಾರು ಬಂದ ಮೇಲೆ ಕೂತೇ ಹತ್ತುತ್ತೇವೆ, ಹಾಗಾಗಿ ಕೂರುವ ಜಾಗಕ್ಕೆ ಈ ಮಹತ್ವ ಬಂದಿದೆ.

ಇದಕ್ಕೊಂದು ಬೆಲೆಯೂ ಇದೆ. ಸಮತಟ್ಟು ರಸ್ತೆಯಲ್ಲಿ ಕಡಿದಾದ ಸೀಟ್ ಕೋನದ ಬೈಕು ಅಂಗೈ ಮೇಲೆ ಭಾರ ಹಾಕುತ್ತದೆ. ಹಡಪ್ಸರಿನಿಂದ ಪಾಷಾಣ್ ಬಡಾವಣೆಯವರೆಗೆ ಟಾರ್ ರಸ್ತೆ ತುಳಿದುಕೊಂಡು ಬಂದು ಟೇಕಡಿ ಹತ್ತುವವರು ಇದನ್ನು ಗಮನಿಸಬೇಕು. ಮಣಿಕಟ್ಟು ನೋಯಲು ಶುರುವಾದರೆ ಹ್ಯಾಂಡಲ್ ಸ್ವಲ್ಪ ಎತ್ತರಿಸಿದರೆ ಆರಾಮ ಸಿಗುತ್ತದೆ.

ಚೈನ್‌ಸ್ಟೇ ಅಂದರೆ ಪೆಡಲ್ ಅಚ್ಚಿನಿಂದ ಹಿಂದಿನ ಚಕ್ರದ ಅಚ್ಚಿನವರೆಗಿನ ಅಂತರ. ಮೊದಲ ತಲೆಮಾರಿನ ಇ-ಬೈಕುಗಳಲ್ಲಿ ಇದು 450-460 ಮಿ.ಮೀ. ಇರುತ್ತಿತ್ತು. ಒಂದು ಕಾರಣ, ಮುಂದಿನ ಚಕ್ರ ಏಳದಿರಲಿ ಅಂತ. ಇನ್ನೊಂದು, ಆಗಿನ ಮೋಟಾರು ದೊಡ್ಡದು. ಸಸ್ಪೆನ್ಶನ್ನಿನ ಕೀಲು ಕೂರಬೇಕಾದ ಜಾಗವನ್ನೇ ಅದು ತಿನ್ನುತ್ತಿತ್ತು. ಟಿಕ್ಯೂ ತರಹದ ಪುಟ್ಟ ಮೋಟಾರು ಬಂದ ಮೇಲೆ ಕೀಲು ಮತ್ತೆ ಸಾದಾ ಮೌಂಟನ್ ಬೈಕಿನ ಜಾಗಕ್ಕೇ ಬಂತು. 2022ರ ಕೊನೆಗೆ ಬಂದ ಎರಡನೇ ಲೀವೊ ಎಸ್‌ಎಲ್‌ನಲ್ಲಿ ಚೈನ್‌ಸ್ಟೇ 432 ಮಿ.ಮೀ. ಮಾತ್ರ. ಅದರ ಹಿಂದಿನ ಚಕ್ರ 27.5 ಇಂಚು, ಮುಂದಿನದು 29 ಇಂಚು. ಹಿಂದೆ ಚಿಕ್ಕ ಚಕ್ರ ಹಾಕಿದರೆ ಚೈನ್‌ಸ್ಟೇ ಗಿಡ್ಡ ಮಾಡಲು ಜಾಗ ಸಿಗುತ್ತದೆ.

ಗಿಡ್ಡ ಚೈನ್‌ಸ್ಟೇ ಇದ್ದರೆ ಮುಂದಿನ ಚಕ್ರ ಎತ್ತುವುದು ಸುಲಭ, ಕಿರಿದಾದ ತಿರುವಿನಲ್ಲಿ ಬೈಕಿನ ಹಿಂಭಾಗ ಸವಾರನ ಜೊತೆಗೇ ಬರುತ್ತದೆ. ಏರಿನಲ್ಲಿ ಮುಂಭಾಗ ಏಳುವ ಕಾಟ ಮಾತ್ರ ಜಾಸ್ತಿ. ಹಗುರ ಬೈಕಿಗೆ ಇದು ಒಪ್ಪುವುದು ಹೇಗೆ ಗೊತ್ತಾ? ಅದರ ಮೋಟಾರಿನ ಟಾರ್ಕೇ ಕಡಿಮೆ. 85 ನ್ಯೂಟನ್ ಮೀಟರ್ ಎತ್ತಿದಷ್ಟು ಜೋರಾಗಿ 50 ನ್ಯೂಟನ್ ಮೀಟರ್ ಮುಂದಿನ ಚಕ್ರವನ್ನು ಎತ್ತುವುದಿಲ್ಲ. ಜೊತೆಗೆ ಸೀಟ್ ಕೋನದಿಂದ ಬರುವ 4 ಸೆಂ.ಮೀ.ಗೆ ಹೋಲಿಸಿದರೆ ಚೈನ್‌ಸ್ಟೇ ಗಿಡ್ಡವಾದ 2-3 ಸೆಂ.ಮೀ. ಕಡಿಮೆಯೇ. ಹಾಗಾಗಿ ಏರಿನ ಚಿಂತೆಯನ್ನು ಸೀಟ್ ಕೋನಕ್ಕೆ ಬಿಟ್ಟು, ಚೈನ್‌ಸ್ಟೇಯನ್ನು ತಿರುವಿನ ಲೆಕ್ಕದಲ್ಲಿ ನೋಡಿ ಅಂತ ನಾನು ಹೇಳುತ್ತೇನೆ.

ಹೆಡ್ ಟ್ಯೂಬಿನ ಕೋನದ ವಿಷಯದಲ್ಲಿ ಗೊಂದಲ ಜಾಸ್ತಿ. ಕೋನ ಕಡಿಮೆಯಾದಷ್ಟೂ ಫೋರ್ಕ್ ಮುಂದಕ್ಕೆ ಚಾಚುತ್ತದೆ. ಅದರಿಂದ ಟ್ರೇಲ್ ಅನ್ನುವ ಅಳತೆ ಬೆಳೆಯುತ್ತದೆ. ಹ್ಯಾಂಡಲ್ ತಿರುಗುವ ಅಚ್ಚಿನ ಗೆರೆಯನ್ನು ನೆಲದವರೆಗೆ ಎಳೆಯಿರಿ. ಟೈರು ನೆಲ ಮುಟ್ಟುವ ಜಾಗ ಆ ಗೆರೆಗಿಂತ ಎಷ್ಟು ಹಿಂದಿದೆಯೋ ಅದೇ ಟ್ರೇಲ್. ಚಕ್ರ ತಾನಾಗಿಯೇ ನೇರಕ್ಕೆ ಬರುವುದರಲ್ಲಿ ಇದರ ಪಾತ್ರ ದೊಡ್ಡದು. 29 ಇಂಚಿನ ಚಕ್ರಕ್ಕೆ 44 ಮಿ.ಮೀ. ಆಫ್‌ಸೆಟ್ (ಚಕ್ರದ ಅಚ್ಚು ಆ ಗೆರೆಗಿಂತ ಮುಂದಿರುವ ಅಂತರ) ಇರುವ ಫೋರ್ಕ್ ಹಾಕಿ ಲೆಕ್ಕ ಮಾಡಿದರೆ, 67.5 ಡಿಗ್ರಿಗೆ ಟ್ರೇಲ್ ಸುಮಾರು 106 ಮಿ.ಮೀ., 65 ಡಿಗ್ರಿಗೆ 125, 64 ಡಿಗ್ರಿಗೆ 132 ಬರುತ್ತದೆ. ಟ್ರೇಲ್ ಹೆಚ್ಚಿದ್ದರೆ ವೇಗದಲ್ಲಿ ಬೈಕು ನೇರ ನಿಲ್ಲುತ್ತದೆ, ಸಣ್ಣ ಕಲ್ಲು ಹ್ಯಾಂಡಲನ್ನು ಕಿತ್ತುಕೊಳ್ಳುವುದಿಲ್ಲ. ನಿಧಾನ ಹೋಗುವಾಗ ಮಾತ್ರ ಹ್ಯಾಂಡಲ್ ಒಂದು ಕಡೆಗೆ ತಾನಾಗಿ ಬೀಳಲು ನೋಡುತ್ತದೆ. ಕಡಿದಾದ ಏರಿನಲ್ಲಿ, ನಡೆಯುವ ವೇಗದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಇಲ್ಲಿ ನಮ್ಮ ಊರಿನ ನೆಲ ಲೆಕ್ಕಕ್ಕೆ ಬರುತ್ತದೆ. ಪುಣೆ ಇರುವುದು ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಮೇಲೆ, ವೇತಾಳ ಟೇಕಡಿಯ ನೆತ್ತಿ ಸುಮಾರು 800 ಮೀಟರ್. ಅಂದರೆ ಏರು ಚಿಕ್ಕದು, ಆದರೆ ಚೂಪು. ಕೆಳಗೆ ಕಪ್ಪು ಬಸಾಲ್ಟ್ ಬಂಡೆ, ಮೇಲೆ ಉದುರುವ ಮುರುಂ. ಇಳಿಜಾರೂ ಚಿಕ್ಕದೇ, ತಿರುವು ಜಾಸ್ತಿ, ಬೆಳಗಿನ ಹೊತ್ತು ನಡೆಯಲು ಬಂದ ಹಿರಿಯರು ದಾರಿಯಲ್ಲೇ ಇರುತ್ತಾರೆ. ಅವರಿದ್ದ ಕಡೆ ಬೈಕು ನಿಲ್ಲಿಸಿ ದಾರಿ ಬಿಡಲೇಬೇಕು. ಇಂಥ ಕಡೆ 63.5 ಡಿಗ್ರಿಯ ಬೈಕು ತನ್ನ ಗುಣ ತೋರಿಸುವಷ್ಟು ವೇಗವೇ ಸಿಗುವುದಿಲ್ಲ. ಅದು ಯುರೋಪಿನ ಉದ್ದನೆಯ ಬೆಟ್ಟದ ಇಳಿಜಾರುಗಳಿಗೆ ಹೇಳಿ ಮಾಡಿಸಿದ್ದು. ನಮಗೆ 65, 65.5 ಡಿಗ್ರಿ ಸಾಕು. ಹಿಂದೆ 130-140 ಮಿ.ಮೀ. ಸಸ್ಪೆನ್ಶನ್ ಇದ್ದರೆ ಧಾರಾಳ.

ಬಾಟಮ್ ಬ್ರ್ಯಾಕೆಟ್ಟಿನ ಎತ್ತರ ನಾಲ್ಕನೆಯದು. ಪೆಡಲ್ ಅಚ್ಚು ಕೆಳಗಿದ್ದಷ್ಟೂ ತಿರುವಿನಲ್ಲಿ ಬೈಕು ಭದ್ರ. ಆದರೆ ಮೋಟಾರು ಇದ್ದಾಗ ಕಲ್ಲುಗಳ ನಡುವೆಯೂ ತುಳಿಯುತ್ತಲೇ ಇರುತ್ತೇವೆ. ಪೆಡಲ್ ಬಂಡೆಗೆ ಬಡಿಯುತ್ತದೆ. ಇದಕ್ಕೆ ಪರಿಹಾರ ಗಿಡ್ಡ ಕ್ರ್ಯಾಂಕ್. ಸಾದಾ ಸೈಕಲ್ಲಿನ 170-175 ಮಿ.ಮೀ. ಬದಲು 160-165 ಮಿ.ಮೀ. ಹಾಕಿದರೆ ಬಡಿಯುವುದು ಎಷ್ಟೋ ಕಡಿಮೆಯಾಗುತ್ತದೆ. ಸೀಟಿನ ಎತ್ತರ ಆಗ ಸ್ವಲ್ಪ ಏರಿಸಿಕೊಳ್ಳಬೇಕು.

ರೀಚ್, ಸ್ಟ್ಯಾಕ್ ಎಂಬ ಎರಡು ಅಳತೆ ಸೈಜಿಗೆ ಸಂಬಂಧಿಸಿದವು. ರೀಚ್ ನಿಂತು ಸವಾರಿ ಮಾಡುವಾಗ ಮುಂದೆ ಎಷ್ಟು ಜಾಗ ಇದೆ ಅನ್ನುವುದು, ಸ್ಟ್ಯಾಕ್ ಹ್ಯಾಂಡಲಿನ ಬುಡ ಎಷ್ಟು ಎತ್ತರ ಅನ್ನುವುದು. ಎರಡು ಸೈಜುಗಳ ನಡುವೆ ಸಿಕ್ಕಿಕೊಂಡವರು ಟೇಕಡಿ ಸವಾರಿಗೆ ಚಿಕ್ಕದನ್ನೇ ತೆಗೆದುಕೊಳ್ಳಲಿ. ಕಿರಿದಾದ ತಿರುವಿಗೆ ಅದೇ ಒಳ್ಳೆಯದು.

ಮೋಟಾರಿನ ಸ್ವಭಾವ

ಟಾರ್ಕ್ ಒಂದನ್ನೇ ನೋಡಿದರೆ ಮೋಟಾರು ಅರ್ಥವಾಗುವುದಿಲ್ಲ. ಶಕ್ತಿ ಅಂದರೆ ಟಾರ್ಕ್ ಗುಣಿಸು ತಿರುಗುವ ವೇಗ. ಟಿಕ್ಯೂ ಮೋಟಾರಿನ ಗರಿಷ್ಠ ಶಕ್ತಿ 300 ವಾಟ್. 50 ನ್ಯೂಟನ್ ಮೀಟರ್ ಟಾರ್ಕಿಗೆ ನಿಮಿಷಕ್ಕೆ 57 ಸುತ್ತು ತುಳಿದರೇ ಆ 300 ವಾಟ್ ಬಂದುಬಿಡುತ್ತದೆ. ಅದಕ್ಕಿಂತ ಜೋರಾಗಿ ತುಳಿದರೆ ಮೋಟಾರಿನ ಕೊಡುಗೆ ಹೆಚ್ಚುವುದಿಲ್ಲ, ಮಿಕ್ಕಿದ್ದು ನಿಮ್ಮ ಕಾಲಿನದು. ಬಾಷ್ ಎಸ್‌ಎಕ್ಸ್ 600 ವಾಟ್ ತನಕ ಹೋಗುತ್ತದೆ, ಆದರೆ ಕಾಲು ಬಹಳ ಬೇಗ ತಿರುಗಿದಾಗ ಮಾತ್ರ. ಭಾರದ ಗೇರಿನಲ್ಲಿ ನಿಧಾನವಾಗಿ ತುಳಿಯುವ ಅಭ್ಯಾಸ ಇರುವವರಿಗೆ ಅಷ್ಟು ಸಿಗುವುದಿಲ್ಲ. ಅಂಗಡಿಯಲ್ಲಿ ಎರಡು ನಿಮಿಷ ಓಡಿಸಿ "ಇದಕ್ಕೆ ದಮ್ಮಿಲ್ಲ" ಅನ್ನುವವರು ಬಹುಪಾಲು ಗೇರ್ ಇಳಿಸದೆ ಓಡಿಸಿದವರೇ.

ಹಗುರ ಮೋಟಾರು ನಿಮ್ಮ ಕಾಲಿನ ಬಲಕ್ಕೆ ತಕ್ಕಂತೆ ಜೊತೆಗೂಡುತ್ತದೆ. ತುಳಿಯುವುದು ಬಿಟ್ಟರೆ ಅದೂ ಬಿಡುತ್ತದೆ. ಉದುರು ಮುರುಂ ಮೇಲೆ ಇದು ದೊಡ್ಡ ಅನುಕೂಲ. 85 ನ್ಯೂಟನ್ ಮೀಟರ್ ಒಮ್ಮೆಲೇ ಬಂದರೆ ಹಿಂದಿನ ಟೈರು ಜಾರಿ ಸುಮ್ನೆ ತಿರುಗುತ್ತದೆ. 50 ನ್ಯೂಟನ್ ಮೀಟರ್ ಮೆಲ್ಲಗೆ ಬಂದರೆ ಟೈರು ಕಚ್ಚಿಕೊಂಡು ಹತ್ತುತ್ತದೆ. ಒಂದು ವಿಷಯ ನೆನಪಿರಲಿ: ನಮ್ಮ ದೇಶದಲ್ಲಿ ಲೈಸೆನ್ಸ್, ನೋಂದಣಿ ಇಲ್ಲದೆ ಓಡಿಸಬೇಕಾದರೆ ಮೋಟಾರಿನ ಶಕ್ತಿಗೆ 250 ವಾಟ್, ವೇಗಕ್ಕೆ ಗಂಟೆಗೆ 25 ಕಿ.ಮೀ. ಮಿತಿ ಇದೆ. ಈ ವಾಟ್ ಲೆಕ್ಕ ಸತತವಾಗಿ ಕೊಡುವ ಶಕ್ತಿಯದು, ಕ್ಷಣಕಾಲದ ಗರಿಷ್ಠ ಶಕ್ತಿಯದಲ್ಲ. 25 ದಾಟಿದ ಮೇಲೆ ಬೈಕು ಪೂರ್ತಿ ನಿಮ್ಮದು. ಭಾರದ ಬೈಕಿನಲ್ಲಿ ಅದು ಗೋಡೆಗೆ ಎದುರಾದಂತೆ, ಹಗುರದ್ದರಲ್ಲಿ ಬಹುಮಟ್ಟಿಗೆ ಸಾದಾ ಸೈಕಲ್ಲಿನಂತೆಯೇ ಮುಂದುವರಿಯುತ್ತದೆ.

ಚಿಕ್ಕ ಬ್ಯಾಟರಿ ಸಾಕಾಗುತ್ತದಾ? 94 ಕಿಲೊ ಭಾರವನ್ನು 200 ಮೀಟರ್ ಎತ್ತಲು ಬೇಕಾಗುವುದು ಸುಮಾರು 51 ವಾಟ್-ಅವರ್. ಅರ್ಧ ನಿಮ್ಮ ಕಾಲು, ಅರ್ಧ ಮೋಟಾರು ಅಂತಾದರೆ, ಸೋರಿಕೆ ಸೇರಿಸಿ ಒಂದು ಟೇಕಡಿಗೆ ಬ್ಯಾಟರಿಯಿಂದ 35 ವಾಟ್-ಅವರ್ ಹೋಗಬಹುದು. ಸಿಂಹಗಡದ ಕಡೆ ಹೋಗಿ 600 ಮೀಟರ್ ಏರಿದರೆ ಸುಮಾರು 100. 360 ವಾಟ್-ಅವರ್ ಒಂದು ಬೆಳಗಿಗೆ ಬೇಕಾದಷ್ಟಾಯಿತು. ಅತಿ ಹೆಚ್ಚಿನ ಸಹಾಯದ ಮೋಡಿನಲ್ಲೇ ಓಡಿಸಿದರೆ ಮಾತ್ರ ಈ ಲೆಕ್ಕ ಕೆಡುತ್ತದೆ.

ಕೊಳ್ಳುವ ಮುಂಚೆ

ಬ್ಯಾಟರಿ ಹೊರಗೆ ಬರುತ್ತದೋ ಇಲ್ಲವೋ ಕೇಳಿ. ಡೌನ್‌ಟ್ಯೂಬಿನಲ್ಲಿ ದೊಡ್ಡ ಬಾಗಿಲು ಕೊರೆದರೆ ಫ್ರೇಮ್ ತಿರುಚುವ ಬಲಕ್ಕೆ ಸೋಲುತ್ತದೆ, ಅದನ್ನು ಸರಿಪಡಿಸಲು ಮತ್ತೆ ತೂಕ ಸೇರಿಸಬೇಕು. ಅದಕ್ಕೇ ಲೀವೊ ಎಸ್‌ಎಲ್‌ನಲ್ಲಿ ಬ್ಯಾಟರಿ ಒಳಗೇ ಮುಚ್ಚಿಕೊಂಡಿದೆ, ದಿನಾ ತೆಗೆಯುವಂಥದ್ದಲ್ಲ. ಫ್ಯುಯೆಲ್ ಇಎಕ್ಸ್ಇ ಬ್ಯಾಟರಿಯನ್ನು ಕೆಳಗಿನಿಂದ ಜಾರಿಸಿ ತೆಗೆಯಬಹುದು. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಪ್ಲಗ್ ಇಲ್ಲದವರಿಗೆ ಇದು ಹೆಡ್ ಟ್ಯೂಬಿನ ಕೋನಕ್ಕಿಂತ ದೊಡ್ಡ ವಿಷಯ. ಬ್ಯಾಟರಿ ಹೊರಬರದಿದ್ದರೆ ಚಾರ್ಜ್ ಮಾಡಲು ಇಡೀ ಬೈಕೇ ಮನೆಯೊಳಗೆ ಬರಬೇಕು.

ಟೆಸ್ಟ್ ರೈಡ್ ಕೊಟ್ಟರೆ ಮೊದಲು ಸಸ್ಪೆನ್ಶನ್ನಿನ ಗಾಳಿಯನ್ನು ನಿಮ್ಮ ತೂಕಕ್ಕೆ ಹೊಂದಿಸಿಕೊಡಲು ಹೇಳಿ. ಹಿಂದಿನ ಶಾಕ್ ನೀವು ಕೂತಾಗ ತನ್ನ ಓಡಾಟದ ಶೇ 28-30ರಷ್ಟು ಕುಗ್ಗಬೇಕು. ಹೆಚ್ಚು ಕುಗ್ಗಿದರೆ ಸೀಟ್ ಕೋನ, ಹೆಡ್ ಕೋನ, ಪೆಡಲಿನ ಎತ್ತರ ಎಲ್ಲ ಬದಲಾಗಿ, ಪಟ್ಟಿಯಲ್ಲಿ ಓದಿದ ಬೈಕೇ ಬೇರೆ, ಓಡಿಸುತ್ತಿರುವ ಬೈಕೇ ಬೇರೆ ಆಗುತ್ತದೆ. ಆಮೇಲೆ ಮೋಟಾರು ಬಂದ್ ಮಾಡಿ ಸ್ವಲ್ಪ ದೂರ ತುಳಿಯಿರಿ, ಫುಟ್‌ಪಾತಿನ ಅಂಚಿಗೆ ಮುಂದಿನ ಚಕ್ರ ಎತ್ತಿ ಹತ್ತಿಸಿ. ಹತ್ತಿರದಲ್ಲಿ ಚೂಪು ಏರು ಇದ್ದರೆ ಕೂತೇ ಹತ್ತಿ, ನಡುವೆ ನಿಲ್ಲಿಸಿ, ಮತ್ತೆ ಹೊರಡಿ. ಹೊರಡುವ ಆ ಕ್ಷಣದಲ್ಲಿ ಮುಂದಿನ ಚಕ್ರ ನೆಲದಲ್ಲೇ ಉಳಿದರೆ, ಹಿಂದಿನದು ಜಾರದಿದ್ದರೆ, ಫ್ರೇಮೂ ಮೋಟಾರೂ ನಿಮ್ಮ ಮೈಗೆ ಹೊಂದಿವೆ ಅಂತ. ಟೈರಿನ ಗಾಳಿ ಮಾತ್ರ ಅಂಗಡಿಯವರು ರಸ್ತೆಗೆ ತುಂಬಿದಷ್ಟೇ ಇರುತ್ತದೆ. ಮುರುಂ ಮೇಲೆ ಓಡಿಸಿ ನೋಡುವ ಮುಂಚೆ ಅದನ್ನು ಇಳಿಸಿಕೊಳ್ಳಿ, ಇಲ್ಲದಿದ್ದರೆ ಟೈರಿನ ಗಡಸುತನವನ್ನು ಫ್ರೇಮಿನದು ಅಂದುಕೊಳ್ಳುವ ಸಾಧ್ಯತೆ ಇದೆ.